ಸುಗಲಮ್ಮನ ನಡಿಗೆ

ಇಪ್ಪತ್ತು ವರ್ಷ ನಾಯಕಿಯಾಗಿ ಹಾಡಿ ಕುಣಿದ ದೇವಕ್ಕನಿಗೆ ಶಹಾಪುರದ ಕ್ಯಾಂಪಿನಲ್ಲಿ ಮೊದಲ ಸಲ ಅತ್ತೆಯ ಪಾತ್ರ ಬಂತು. ಕಂಪನಿಯ ಮಾಲೀಕ ಗುರಪ್ಪ ಎದುರು ನಿಂತು ಹೇಳಲಾರದೆ, ಸ್ಟೇಜಿನ ಪರದೆ ಕಟ್ಟಿಸುತ್ತಾ ಬೆನ್ನು ಹಾಕಿಯೇ ಹೇಳಿದ: "ವಯಸ್ಸಿನ ಜೋಡಿ ಜಗಳಾಡಾಕ ಬರಂಗಿಲ್ಲ ದೇವಕ್ಕ. ಅತ್ತಿ ಪಾರ್ಟು ಭಾರಿ ಐತಿ, ಮಾಡು."

ಕಾಲುವೆಗೆ ನೀರು ಬಂದು ಸುತ್ತಲ ಹಳ್ಳಿಗಳಲ್ಲಿ ಭತ್ತ ಬೆಳೆಯತೊಡಗಿದ ಮೇಲೆ ನಾಟಕ ಕಂಪನಿಗಳಿಗೆ ಶಹಾಪುರ ಅಂದರೆ ಕೈಬಿಡಲಾಗದ ಊರು. ರಾಶಿ ಮುಗಿಯಿತೆಂದರೆ ಟ್ರ್ಯಾಕ್ಟರ್ ತುಂಬ ಹೆಂಗಸರು ಮಕ್ಕಳು ಸಂಜೆಯ ಆಟಕ್ಕೆ ಬಂದಿಳಿಯುತ್ತಿದ್ದರು. ಆದರೆ ದೇವಕ್ಕನ ಅತ್ತೆ ಅವರ ಮನಸ್ಸಿಗೆ ಹತ್ತಲಿಲ್ಲ. ಅವಳು ಸ್ಟೇಜಿಗೆ ಬಂದಾಗ ಮಂದಿ ಎದ್ದು ಚಹಾಕ್ಕೆ ಹೋಗುತ್ತಿದ್ದರು. ಗುರಪ್ಪ ಪರದೆಯ ಸಂದಿಯಿಂದ ಅದನ್ನು ನೋಡುತ್ತಿದ್ದ.

ಅವಳು ಇಳಿದುಕೊಂಡಿದ್ದು ಬಸ್ ಸ್ಟ್ಯಾಂಡಿನಿಂದ ಗಂಜ್ ಮಾರುಕಟ್ಟೆಗೆ ಹೋಗುವ ಬೀದಿಯಲ್ಲಿ, ಚಮನಬೀಯ ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಹಗಲೆಲ್ಲ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸೀರೆ ಮಡಚುವಳು, ಬಿಚ್ಚುವಳು, ಕಿಟಕಿಗೆ ಹೋಗುವಳು. ಕೆಳಗೆ ಹತ್ತಿ ಹೇರಿದ ಲಾರಿ ಸಿಕ್ಕಿಹಾಕಿಕೊಂಡು ಹಾರ್ನ್ ಹೊಡೆಯುತ್ತಿತ್ತು, ಹಮಾಲರು ಜೋಳದ ಚೀಲ ಹೊತ್ತು ಅದರ ಪಕ್ಕದಲ್ಲೇ ನುಸುಳುತ್ತಿದ್ದರು, ಅವರ ನಡುವೆ ಮೈಕ್ ಕಟ್ಟಿಕೊಂಡ ಆಟೋ ಸಂಜೆಯ ನಾಟಕದ ಹೆಸರು ಕೂಗುತ್ತ ಹೋಗುತ್ತಿತ್ತು. ಆ ಕೂಗಿನಲ್ಲಿ ಈಗ ದೇವಕ್ಕನ ಹೆಸರು ಇರಲಿಲ್ಲ.

ಎದುರಿಗೆ ಸುಗಲಮ್ಮನ ಖಾನಾವಳಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಕೈಯಲ್ಲಿ ರೊಟ್ಟಿಯ ಬುಟ್ಟಿ ಹಿಡಿದು, ಇನ್ನೊಂದು ಕೈ ಸೊಂಟಕ್ಕಿಟ್ಟು, ದೋಣಿಯ ಹಾಗೆ ಒಂದು ಮಗ್ಗುಲಿಗೆ ವಾಲುತ್ತ ಬರುತ್ತಿದ್ದಳು. ಎರಡು ಹೆಜ್ಜೆ ಇಟ್ಟು ಮೂರನೆಯದಕ್ಕೆ ಗಕ್ಕನೆ ನಿಂತು, ಮೈ ತಿರುವಿ, ಸೊಸೆ ಅಯ್ಯಮ್ಮನನ್ನು ಬಯ್ದು ಮತ್ತೆ ಮುಂದಕ್ಕೆ. ದೇವಕ್ಕ ಅದನ್ನು ದಿನಾ ನೋಡಿದಳು.

ಒಂದು ಸಂಜೆ ಸ್ಟೇಜಿಗೆ ಕಾಲಿಟ್ಟಾಗ ಆ ನಡಿಗೆ ತಾನಾಗಿ ಬಂತು. ಎರಡು ಹೆಜ್ಜೆ, ನಿಲುಗಡೆ, ತಿರುವು. ಟೆಂಟಿಗೆ ಟೆಂಟೇ ನಕ್ಕಿತು. ಹಿಂದಿನ ಸಾಲಿನ ಹಮಾಲರು ಸಿಳ್ಳೆ ಹೊಡೆದು "ಏ, ಖಾನಾವಳಿ ಅವ್ವ" ಅಂದರು. ಅದು ದೇವಕ್ಕನಿಗೆ ಕೇಳಿಸಿತು. ಕೇಳಿಸಿಯೂ ಮೈ ಬಿಸಿಯಾಗಿ, ಇನ್ನೂ ಎರಡು ಸಲ ಹಾಗೇ ತಿರುಗಿದಳು. ವಾರದಲ್ಲಿ ಟೆಂಟ್ ತುಂಬತೊಡಗಿತು. ಆಟೋದವನು ಅವಳ ಹೆಸರು ಮೊದಲು ಕೂಗತೊಡಗಿದ.

ಆದರೂ ಅವಳಿಗೆ ನೆಮ್ಮದಿ ಸಿಗಲಿಲ್ಲ. ಬೀದಿಗೆ ಇಳಿದರೆ ಮಂದಿ ಅವಳನ್ನು ನೋಡಿ ನಗುತ್ತಿದ್ದರು, ಆಮೇಲೆ ಖಾನಾವಳಿಯ ಕಡೆ ನೋಡಿ ಇನ್ನಷ್ಟು ನಗುತ್ತಿದ್ದರು. ಒಂದು ದಿನ ಚಮನಬೀ ಬಳೆ ಒರೆಸುತ್ತಾ ಅಂದಳು: "ಅಕ್ಕಾ, ಸಿಟ್ಟಿಗೇಳಬ್ಯಾಡ್ರಿ. ಸುಗಲಮ್ಮ ಈಗ ಹೊರಗ ಬರಾಕತ್ತಿಲ್ಲ. ಉಣ್ಣಾಕ ಬಂದ ಹುಡುಗರು ಆಕಿ ಮುಂದನ ಹಾಂಗ ನಡದು ತೋರಿಸ್ತಾರ. ಮೊನ್ನಿ ಸೊಸಿನೂ ನಕ್ಕಾಳಂತ. ಅವತ್ತಿಂದ ಒಲಿ ಮುಂದ ಕುಂತಾಕಿ ಎದ್ದಿಲ್ಲ."

"ನಾಟಕ ನಾಟಕನ ಅಲ್ಲೇನ್ ಚಮನಬೀ."

"ನಿಮಗ ನಾಟಕ ಅಕ್ಕಾ. ಆಕಿ ಈ ಓಣ್ಯಾಗ ಬಾಳ್ವೆ ಮಾಡಬೇಕಲ್ಲ."

ಅಯ್ಯಮ್ಮ ದಿನಾ ತಂದುಕೊಡುತ್ತಿದ್ದ ಊಟದ ಡಬ್ಬಿ ಆ ಮಧ್ಯಾಹ್ನ ಬರಲಿಲ್ಲ. ದೇವಕ್ಕ ಮೆಟ್ಟಿಲು ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಗಿರಾಕಿಗಳೆಲ್ಲ ಹೋದ ಮೇಲೆ ಬೀದಿ ದಾಟಿ ಖಾನಾವಳಿಯ ಒಳಗೆ ಹೋದಳು. ಅಯ್ಯಮ್ಮ ತಾಟು ತೊಳೆಯುತ್ತಿದ್ದಳು. ಸುಗಲಮ್ಮ ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದಳು. ಬಂದವಳನ್ನು ನೋಡಿಯೂ ಏಳಲಿಲ್ಲ, ಬಯ್ಯಲೂ ಇಲ್ಲ.

"ಊರೆಲ್ಲ ನೋಡೇತಿ, ನಾ ಒಬ್ಬಾಕಿ ನೋಡಿಲ್ಲ," ಅಂದಳು. "ಮಾಡಿ ತೋರ್ಸು."

"ಬ್ಯಾಡ ಯವ್ವಾ. ತಪ್ಪಾಗ್ಯಾದ."

"ತಪ್ಪು ಒಪ್ಪು ಆಮ್ಯಾಲ. ಮೊದಲ ತೋರ್ಸು."

ದೇವಕ್ಕ ಬಾಗಿಲಿಂದ ಒಲೆಯ ತನಕ ನಡೆದಳು. ಹಾರ್ಮೋನಿಯಂ ಇಲ್ಲ, ದೀಪ ಇಲ್ಲ, ನಗುವವರಿಲ್ಲ. ಮೂರನೆಯ ಹೆಜ್ಜೆಗೆ ನಿಂತು ತಿರುಗಿದಳು. ಸುಗಲಮ್ಮ ರೆಪ್ಪೆ ಹೊಡೆಯದೆ ನೋಡಿ, ಸೊಸೆಯನ್ನು ಕೇಳಿದಳು: "ನಾ ಹಾಂಗ ನಡೀತೀನೇನು?"

ಅಯ್ಯಮ್ಮ ತಾಟಿನ ಮೇಲಿನ ಕಣ್ಣು ಎತ್ತಲಿಲ್ಲ. "ಹೌದ್ರಿ ಅತ್ತಿ," ಅಂದಳು.

ಸುಗಲಮ್ಮ ಹೇಳಿದಳು: "ಕಾಲುವಿ ಕಡಿಯೋ ಮುಂದ ಮಣ್ಣಿನ ಬುಟ್ಟಿ ಹೊರ್ತಿದ್ದೆ. ಒಂದಿನ ಕಾಲುವಿ ದಂಡಿ ಕುಸೀತು. ಸೊಂಟದ ಮ್ಯಾಲ ಕಲ್ಲು ಬಿತ್ತು. ಈಕಿ ಗಂಡ ಆಗ ಮೊಲಿ ಕುಡಿಯೋ ಕೂಸು, ದಂಡಿ ಮ್ಯಾಲ ಸೀರಿ ಜೋಳಗ್ಯಾಗ ಮಲಗಿತ್ತು. ಕೂಸಿನ ಕಡಿ ಬೀಳಲಿಲ್ಲ, ಅಷ್ಟ ಪುಣ್ಯ. ಮೂರನೇ ಹೆಜ್ಜಿಗೆ ನಿಲ್ಲಲಿಲ್ಲ ಅಂದ್ರ ನಾ ಬೀಳ್ತೀನವ್ವ. ಮಂದಿ ನಗಸಾಕ ನಿಲ್ಲಂಗಿಲ್ಲ."

"ನನಗೂ ಹೇಳಿಲ್ಲಲ್ರಿ ಅತ್ತಿ," ಅಂದಳು ಅಯ್ಯಮ್ಮ.

"ನೀ ಯಾವತ್ತ ಕೇಳೀದಿ?"

"ಇವತ್ತಿಂದ ಆ ನಡಿಗಿ ಬಿಡ್ತೀನಿ," ಅಂದಳು ದೇವಕ್ಕ.

"ನೀ ಬಿಟ್ರ ಮಂದಿ ಬಿಡ್ತಾರೇನು? ಈಗಾಗಲೇ ಕಲ್ತಾರ ಅವರು." ಸುಗಲಮ್ಮ ಒಲೆಯ ಕಟ್ಟಿಗೆ ಒಳಗೆ ನೂಕಿದಳು. "ನಿಮ್ಮ ನಾಟಕದಾಗ ಆ ಮುದುಕಿ ಯಾಕ ಹಾಂಗ ನಡೀತಾಳ ಅಂತ ಯಾರೂ ಕೇಳಂಗಿಲ್ಲೇನು?"

ದೇವಕ್ಕ ಬೀದಿ ದಾಟಿ ಕೋಣೆಗೆ ಮರಳಿದಳು.

ಆ ಸಂಜೆ ಬಣ್ಣ ಹಚ್ಚಿಕೊಳ್ಳುವಾಗ ಹುಬ್ಬು ಎರಡು ಸಲ ಒರೆಸಿ ಬರೆದಳು. ಸ್ಟೇಜಿಗೆ ಬಂದು ಎಂದಿನಂತೆ ನಡೆದಳು, ಟೆಂಟ್ ಎಂದಿನಂತೆ ನಕ್ಕಿತು. ಮೂರನೆಯ ಹೆಜ್ಜೆಗೆ ನಿಂತಳು. ಆದರೆ ತಿರುಗಲಿಲ್ಲ. ಕುರ್ಚಿಯ ಬೆನ್ನು ಹಿಡಿದು, ಮೆಲ್ಲಗೆ ಕೂತು, ಸೊಂಟ ಒತ್ತಿಕೊಂಡಳು. ಸೊಸೆಯ ಪಾತ್ರದ ಹುಡುಗಿ ಮಾತು ಮರೆತಂತೆ ನಿಂತುಬಿಟ್ಟಳು.

"ಏನ್ ನೋಡ್ತಿ," ಅಂದಳು ದೇವಕ್ಕ, ನಾಟಕದಲ್ಲಿ ಇಲ್ಲದ ಮಾತು. "ಕಾಲುವಿ ಕಡಿಯಾಗ ಮುರದ ಸೊಂಟ ಇದು. ನೀ ಉಣ್ಣೋ ಅನ್ನ ಆ ನೀರಾಗ ಬೆಳದದ್ದು."

ನಗು ಒಮ್ಮೆಲೇ ನಿಲ್ಲಲಿಲ್ಲ. ಅಲ್ಲೊಂದು ಇಲ್ಲೊಂದು ಉಳಿದು, ಆಮೇಲೆ ಅದೂ ಅಡಗಿತು. ಹೆಂಗಸರ ಕಡೆಯಿಂದ ಯಾರೋ ಮುದುಕಿ, "ಖರೇ ಐತಿ," ಅಂದಳು. ಅವರಲ್ಲಿ ಬಹಳ ಮಂದಿ ಅದೇ ಮಣ್ಣು ಹೊತ್ತವರು. ದೇವಕ್ಕ ಎದ್ದಳು, ನಾಟಕದಲ್ಲಿದ್ದಂತೆ ಸೊಸೆಯನ್ನು ಬಯ್ದಳು, ಆಟ ಮುಂದುವರಿಯಿತು.

ಪರದೆ ಬಿದ್ದ ಕೂಡಲೇ ಗುರಪ್ಪ ಬಂದ. "ಮಂದಿ ನಗಾಕ ಬರ್ತಾರ. ನಾಳೆ ಅದನ್ನ ತಗದುಬಿಡು."

"ಅದನ್ನ ತಗದ್ರ ನಡಿಗಿನೂ ತಗೀತೀನಿ," ಅಂದಳು ದೇವಕ್ಕ. "ಎರಡೂ ಇರ್ತಾವ, ಇಲ್ಲಾಂದ್ರ ಎರಡೂ ಇಲ್ಲ. ಬ್ಯಾರೆ ಅತ್ತಿ ನೋಡಿಕೋ."

ಗುರಪ್ಪ ಗೊಣಗಿದ, ಆದರೆ ಬೇರೆ ಅತ್ತೆಯನ್ನು ಹುಡುಕಲಿಲ್ಲ. ಹಮಾಲರಲ್ಲಿ ಕೆಲವರು ಮುಂಚಿನ ಮಜಾ ಇಲ್ಲ ಅಂತ ಬರುವುದು ಬಿಟ್ಟರು. ಹಳ್ಳಿಯ ಹೆಂಗಸರು ಎರಡನೆಯ ಸಲ, ಮೂರನೆಯ ಸಲ ಬಂದರು. ಖಾನಾವಳಿಯಲ್ಲಿ ಅಣಕಿಸುವುದು ಪೂರ್ತಿ ನಿಲ್ಲಲಿಲ್ಲ. ಆದರೆ ಒಂದು ದಿನ ಹಾಗೆ ನಡೆದು ತೋರಿಸಿದವನ ಮುಂದಿನ ತಾಟನ್ನು ಅಯ್ಯಮ್ಮ ಮಾತಿಲ್ಲದೆ ಎತ್ತಿಕೊಂಡು ಹೋದಳು. ಸುಗಲಮ್ಮ ಮತ್ತೆ ರೊಟ್ಟಿಯ ಬುಟ್ಟಿ ಹಿಡಿದು ಹೊರಗೆ ಬಂದಳು, ಸೊಸೆಯನ್ನು ಮೊದಲಿನಷ್ಟೇ ಜೋರಾಗಿ ಬಯ್ದಳು.

ಕ್ಯಾಂಪಿನ ಕೊನೆಯ ವಾರ ಅತ್ತೆ ಸೊಸೆ ಇಬ್ಬರೂ ಆಟಕ್ಕೆ ಬಂದು ಹಿಂದೆ ಕೂತರು. ಹಿಟ್ಟು ಬೀಸಿಸಬೇಕೆಂದು ಅರ್ಧಕ್ಕೇ ಎದ್ದು ಹೋದರು. ಮರುದಿನ ದೇವಕ್ಕ ಕೇಳಿದಳು: "ಹ್ಯಾಂಗ ಅನಿಸ್ತು ಯವ್ವಾ?"

"ಕುಂಡ್ರೋದು ಚಲೋ ಮಾಡ್ತಿ," ಅಂದಳು ಸುಗಲಮ್ಮ. "ಆದರ ಆ ಹೆಂಗಸು ಭಾಳ ಕೆಟ್ಟಾಕಿ. ನಾ ಅಷ್ಟ ಕೆಟ್ಟಾಕಿ ಅಲ್ಲ."

ಅಯ್ಯಮ್ಮ ಬೇರೆ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಸುಗಲಮ್ಮ ಅದನ್ನು ನೋಡಿ, ತಾನೂ ನಕ್ಕಳು.

ಕಂಪನಿ ಯಾದಗಿರಿಗೆ ಹೊರಟಿತು. ಲಾರಿಯಲ್ಲಿ ಟೆಂಟಿನ ಬಟ್ಟೆಯ ಮೇಲೆ ಎಲ್ಲರೂ ಕೂತರು. ದೇವಕ್ಕನಿಗೆ ಕೂರಲಾಗಲಿಲ್ಲ. ಹೊಸ ಊರಲ್ಲಿ ಮಂದಿ ನಗುತ್ತಾರೋ, ಸುಮ್ಮನಾಗುತ್ತಾರೋ ಎಂದುಕೊಳ್ಳುತ್ತ, ಭೀಮಾ ಸೇತುವೆ ದಾಟುವ ತನಕ ಕಂಬಿ ಹಿಡಿದು ನಿಂತೇ ಇದ್ದಳು.