ರಾವಸಾಹೇಬರ ಕಲ್ಲಿನ ಬ್ರೇಕು

ಏರಿನಲ್ಲಿ ಗಾಡಿ ನಿಂತಿತೆಂದರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: “ಏ, ಕಲ್ಲ ಹಚ್ಚ!” ಡ್ರೈವರ್ ಬ್ರೇಕು ಒತ್ತಿ ಹಿಡಿದು ಕೂತಿರುತ್ತಾನೆ. ಪಕ್ಕದಲ್ಲಿ ಕೂತವರು ಜಿಗಿದು ಓಡಿ, ದಾರಿಬದಿಯ ಕಲ್ಲೊಂದನ್ನು ತಂದು ಗಾಲಿಗೆ ಕೊಡುತ್ತಾರೆ. ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಎಂಬುದೊಂದು ಇದೆ, ಅದನ್ನು ಕೂಡಿಸಿದ್ದು ಇದೇ ಕೆಲಸಕ್ಕೆ ಎನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಏಕಸಂಬಿಯ ನಮ್ಮ ಓಣಿಯ ರಾವಸಾಹೇಬರು ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಅವರಿಗೆ ದಾರಿಬದಿಯ ಕಲ್ಲು ಆಗಿಬರುವುದಿಲ್ಲ. ಸ್ವಂತದ್ದೇ ಒಂದು ಕಲ್ಲು ಇಟ್ಟಿದ್ದರು. ಹೊಲದಲ್ಲಿ ಸಿಕ್ಕ ಕರಿಕಲ್ಲು, ಒಂದು ಬದಿ ಚಪ್ಪಟೆ, ಒಂದು ಬದಿ ಓರೆ, ಗಾಲಿಗೆ ಹೇಳಿ ಮಾಡಿಸಿದಂತಿತ್ತು. ಪಿಕಪ್ಪಿನ ಹ್ಯಾಂಡ್ ಬ್ರೇಕಿನ ವಾಯರ್ ಹರಿದ ದಿನ ಆ ಕಲ್ಲು ಗಾಡಿ ಹತ್ತಿತು, ಮತ್ತೆ ಇಳಿಯಲಿಲ್ಲ. ವಾಯರ್ ಹಾಕಿಸುವುದು ನಾಳೆ ನಾಳೆ ಎಂದು ಮುಂದಕ್ಕೆ ಹೋಯಿತು. ಕಲ್ಲು ಬಂದ ಮೇಲೆ ಗಾಡಿಗೆ ಒಂದು ಗೀರೂ ಬೀಳಲಿಲ್ಲವಲ್ಲ, ಕಲ್ಲಿಗೆ ಮಾನ ಬಂತು. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಗಾಡಿಗೆ ಹಾರ ಬಿದ್ದರೆ ಕಲ್ಲಿಗೆ ಕುಂಕುಮ ಬೀಳುತ್ತಿತ್ತು. ನಾವು ನಗುತ್ತಿದ್ದೆವು, ನಗುತ್ತಲೇ ಕೈಯನ್ನೂ ಮುಗಿಯುತ್ತಿದ್ದೆವು.

ಆದರೆ ಕಲ್ಲು ತಾನಾಗಿ ಇಳಿದು ಗಾಲಿಗೆ ಹೋಗುತ್ತದೆಯೇ? ಆ ಕೆಲಸ ಅವರ ಹೆಂಡತಿ ಲಕ್ಕವ್ವನದು. ಲಕ್ಕವ್ವ ನನ್ನ ಓರಗೆಯವಳು, ಅದಕ್ಕೇ ಏಕವಚನ. ಗಾಡಿ ನಿಂತ ತಕ್ಷಣ, ಧೂಳು ಇನ್ನೂ ಕೂತಿರುವುದಿಲ್ಲ, ಅವಳು ಕೆಳಗಿರಬೇಕು. ಸೀರೆ ಎತ್ತಿ ಕಟ್ಟಿ, ಹಿಂದಿನ ಗಾಲಿಯ ಬೆನ್ನಿಗೆ ಕುಕ್ಕರಗಾಲಲ್ಲಿ ಕೂತು ಕಲ್ಲು ಹಚ್ಚಬೇಕು. ಹೊರಡುವಾಗ ಮತ್ತೆ ಅಲ್ಲೇ ಬಗ್ಗಿ ಕಲ್ಲು ಕಿತ್ತು, ಗಾಡಿಯ ಹಿಂಬದಿಗೆ ಹಾಕಿ, ಓಡುವ ಗಾಡಿಯನ್ನು ಹತ್ತಬೇಕು. ಅವಳ ಮೊಣಕಾಲು ನೋಯುತ್ತಿದ್ದವು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

“ನಮ್ಮ ಲಕ್ಕಿ ಇರೂತನಕ ನಮಗ್ಯಾಕ ಹ್ಯಾಂಡ್ ಬ್ರೇಕು?” ಎಂದು ರಾವಸಾಹೇಬರು ಚಹಾದಂಗಡಿಯಲ್ಲಿ ಮೀಸೆ ತಿರುವುತ್ತಿದ್ದರು. ಹೆಂಡತಿಯನ್ನು ಹೊಗಳಿದೆ ಎಂದೇ ಅವರ ಎಣಿಕೆ.

ಅವರ ಎದುರು ಮನೆ ಫರಹೀನಳದು. ಅವಳೂ ಪಿಕಪ್ ಓಡಿಸುತ್ತಾಳೆ, ಸುತ್ತಲಿನ ಹಳ್ಳಿಗಳ ಹಾಲಿನ ಕ್ಯಾನು ಡೇರಿಗೆ ಮುಟ್ಟಿಸುವ ಕೆಲಸ. ಗಂಡ ರಿಯಾಜ ಚಿಕ್ಕೋಡಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಫರಹೀನ ದಿನಾ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಸುತ್ತ ಒಂದು ಸುತ್ತು ಹಾಕುತ್ತಾಳೆ. ಟೈರು ಒತ್ತಿ ನೋಡುತ್ತಾಳೆ, ದೀಪ ಹಚ್ಚಿ ನೋಡುತ್ತಾಳೆ, ಬಗ್ಗಿ ಗಾಡಿಯ ಕೆಳಗೆ ಏನಾದರೂ ಸೋರಿದೆಯೇ ಎಂದು ನೆಲ ನೋಡುತ್ತಾಳೆ.

“ಏನ ಫರಹೀನವ್ವಾ, ಪ್ರದಕ್ಷಿಣಿ ಮುಗೀತೇನ?” ಎಂದು ರಾವಸಾಹೇಬರು ಕಟ್ಟೆಯ ಮೇಲಿಂದ ಕೆಣಕಿದರು ಒಂದು ದಿನ.

“ಮುಗೀತ್ರಿ ಕಾಕಾ. ನಿಮ್ಮ ಗಾಡಿಗೂ ಒಂದ ಸುತ್ತ ಹಾಕ್ಲೇನ್ರಿ?”

“ನಮ್ಮ ಗಾಡಿಗೇನ ಆಗೇತಿ? ನಿನ್ನ ಲಗ್ನ ಆಗೂಕಿಂತ ಮೊದಲಿಂದ ಸ್ಟೇರಿಂಗ್ ಹಿಡದೇನಿ ನಾ. ನನಗ ಕಲಸಾಕ ಬರ್ತಿ?”

“ಕಲಸಾಕ ಅಲ್ರಿ ಕಾಕಾ. ಆ ವಾಯರ ಒಂದ ಹಾಕಿಸ್ಕೊಳ್ರಿ. ಕಾಕಿ ಗಾಲಿ ಬೆನ್ನಾಗ ಬಗ್ಗೂದ ನೋಡಿದ್ರ ನನ್ನ ಎದಿ ಧಸಕ್ ಅಂತೈತಿ. ನಿಮಗ ಕನ್ನಡ್ಯಾಗ ಆಕಿ ಕಾಣೂದs ಇಲ್ಲ.”

“ಇಷ್ಟ ದಿನಾ ಏನೂ ಆಗಿಲ್ಲಲ್ಲ.”

“ಆಗಿಲ್ಲ ಅನ್ನೂದಕ್ಕs ಹೇಳಾಕತ್ತೇನ್ರಿ. ಆದ ಮ್ಯಾಲ ಹೇಳಿ ಏನ ಮಾಡೂದೈತಿ?”

ರಾವಸಾಹೇಬರು ಕೈ ಝಾಡಿಸಿ ಒಳಗೆ ಹೋದರು. ಫರಹೀನ ಬಿಡುವ ಪೈಕಿಯವಳಲ್ಲ. ಲಕ್ಕವ್ವನನ್ನು ಕರೆದು ಕೈಗೆ ಒಂದು ಹಗ್ಗ ಕೊಟ್ಟಳು. “ಕಾಕಿ, ಕಾಕಾ ಕೇಳಂಗಿಲ್ಲ, ನೀವರೆ ಕೇಳ್ರಿ. ಇದನ್ನ ಕಲ್ಲಿಗೆ ಬಿಗದ ಕಟ್ರಿ. ಇನ್ನ ಮ್ಯಾಲ ಗಾಲಿ ಹಿಂದ ಬಗ್ಗಬ್ಯಾಡ್ರಿ. ಬಾಜೂಕ, ದೂರ ನಿಂತ ಎಳೀರಿ.”

ಮೊಣಕಾಲಿಗೆ ಅನುಕೂಲವಾಯಿತೆಂದು ಲಕ್ಕವ್ವ ಖುಷಿಯಾದಳು. ರಾವಸಾಹೇಬರು ಮಾತ್ರ ಓಣಿಗೆಲ್ಲ ಕೇಳುವಂತೆ ನಕ್ಕರು: “ನೋಡ್ರಪಾ, ನಮ್ಮ ಮನ್ಯಾಗ ಎಮ್ಮಿಗಷ್ಟs ಅಲ್ಲ, ಕಲ್ಲಿಗೂ ಹಗ್ಗ ಹಾಕ್ಯಾರ!”

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಅಂದು ನಿಪ್ಪಾಣಿ ಪೇಟೆಗೆ ಟೊಮ್ಯಾಟೊ ಒಯ್ಯಬೇಕಿತ್ತು. ಅವರ ಹೊಲದಿಂದ ಕಾಲುವೆಯ ದಂಡೆಗೆ ಹತ್ತುವ ದಾರಿ ಕಡಿದಾದ ಏರು. ರಾವಸಾಹೇಬರು ಗಾಡಿಯ ಮುಖ ಮೇಲೆ ಮಾಡಿ ಏರಿನ ನಡುವೆಯೇ ನಿಲ್ಲಿಸಿದರು. ಲಕ್ಕವ್ವ ಇಳಿದು ಕಲ್ಲು ಹಚ್ಚಿದಳು. ಆಳುಗಳು ಕ್ರೇಟು ಏರಿಸಿದರು. ಇಷ್ಟು ಸಾಕು ಅಂದರೂ ಕೇಳದೆ ರಾವಸಾಹೇಬರು ಮೇಲೆ ಇನ್ನೆರಡು ಸಾಲು ಹೇರಿಸಿದರು. ಹಿಂದಿನ ಟೈರುಗಳು ಚಪ್ಪಟೆಯಾಗಿ ಕೂತವು. ಆಳುಗಳು ಬುಟ್ಟಿ ಎತ್ತಿಕೊಂಡು ತೋಟಕ್ಕೆ ಮರಳಿದರು.

ಅಷ್ಟರಲ್ಲಿ ಫರಹೀನ ಖಾಲಿ ಕ್ಯಾನು ಹೇರಿಕೊಂಡು ಅದೇ ದಾರಿಯಲ್ಲಿ ಬಂದಳು. ಮೇಲೆ ಗಾಡಿ ನಿಂತಿರುವುದನ್ನು ಕಂಡು ಅದರ ಬೆನ್ನಿಗೆ ಹೋಗಲಿಲ್ಲ. ಕೆಳಗೆ ಸಪಾಟು ಜಾಗದಲ್ಲಿ, ದಾರಿ ಬಿಟ್ಟು ಬದಿಗೆ ನಿಲ್ಲಿಸಿದಳು.

ರಾವಸಾಹೇಬರು ಎಂಜಿನ್ ಚಾಲೂ ಮಾಡಿ ಕೂಗಿದರು: “ಲಕ್ಕೀ, ಕಲ್ಲ ತಗೀ!”

ಲಕ್ಕವ್ವ ಬದಿಗೆ ಸರಿದು ಹಗ್ಗ ಎಳೆದಳು. ಅಷ್ಟು ಭಾರ ಬಿದ್ದ ಕಲ್ಲು ಮಿಸುಕಲಿಲ್ಲ. ರಾವಸಾಹೇಬರು ಕಲ್ಲು ಸಡಿಲಾಗಲಿ ಎಂದು ಕ್ಲಚ್ಚು ಬಿಟ್ಟು ಗಾಡಿಯನ್ನು ಚೂರು ಮುಂದೆ ಎಳೆದರು. ಕಲ್ಲು ಪುಟಕ್ಕನೆ ಈಚೆ ಬಂತು. ಅದೇ ಕ್ಷಣಕ್ಕೆ ಭಾರ ತಾಳದೆ ಎಂಜಿನ್ ಬಂದ್ ಆಯಿತು. ಗಾಡಿ ಹಿಂದಕ್ಕೆ ಸರಿಯಿತು. ರಾವಸಾಹೇಬರು ಬ್ರೇಕು ತುಳಿದರು. ಬ್ರೇಕು ಬುಡದವರೆಗೂ ಇಳಿದುಹೋಯಿತು, ಗಾಡಿ ನಿಲ್ಲಲಿಲ್ಲ. ಕೈ ಅಭ್ಯಾಸಬಲದಿಂದ ಹ್ಯಾಂಡ್ ಬ್ರೇಕಿಗೆ ಹೋಯಿತು. ಎಳೆದರೆ ಸುಮ್ಮನೆ ಮೇಲೆದ್ದು ಬಂತು, ಅದಕ್ಕೆ ಏನೂ ಕಟ್ಟಿರಲಿಲ್ಲ.

ಗಾಡಿ ಕ್ರೇಟು ಚೆಲ್ಲುತ್ತ ಹಿಂದಕ್ಕೆ ಹಿಂದಕ್ಕೆ ಜಾರಿ, ಹೊಲದ ಅಂಚಿನಲ್ಲಿ ಗೊಬ್ಬರಕ್ಕೆಂದು ಸುರಿದಿದ್ದ ದೊಡ್ಡ ತಿಪ್ಪೆಯೊಳಗೆ ಬೆನ್ನು ಹುಗಿದು ನಿಂತಿತು. ದಾರಿಯ ತುಂಬ ಟೊಮ್ಯಾಟೊ.

ರಾವಸಾಹೇಬರು ಬಾಗಿಲು ತೆರೆದು ಬಿದ್ದಂತೆ ಇಳಿದರು. “ಲಕ್ಕೀ! ಏ ಲಕ್ಕೀ!” ಎಂದು ಗಾಡಿಯ ಕೆಳಗೆ ತೂರಿದರು. ಗಾಲಿಯ ಹತ್ತಿರ ಕೆಂಪಗೆ ಕಂಡದ್ದನ್ನು ರಕ್ತವೆಂದೇ ತಿಳಿದರು. ಕೈಯಾಡಿಸಿದರೆ ಟೊಮ್ಯಾಟೊ. ಅಳುತ್ತ ಎರಡೂ ಕೈಯಿಂದ ಟೊಮ್ಯಾಟೊ ಸರಿಸಿ ಸರಿಸಿ ಹೆಂಡತಿಯನ್ನು ಹುಡುಕಿದರು.

“ಇಲ್ಲೇ ಅದೀನ್ರಿ.”

ಏರಿನ ಮೇಲೆ, ದಾರಿಯ ಬದಿಗೆ ಲಕ್ಕವ್ವ ನಿಂತಿದ್ದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕಲ್ಲು. “ಇಲ್ಲೇ ಅದೀನ್ರಿ, ಹೊರಗ ಬರ್ರಿ” ಎಂದಳು ಮತ್ತೊಮ್ಮೆ.

ರಾವಸಾಹೇಬರು ಮೈತುಂಬ ಸೆಗಣಿ, ಟೊಮ್ಯಾಟೊ ಮೆತ್ತಿಕೊಂಡು ಹೊರಗೆ ಬಂದರು. ಅವಳ ಕೈ ಮುಟ್ಟಿ ನೋಡಿದರು, ಕಾಲು ನೋಡಿದರು. ಆಮೇಲೆ ಅಲ್ಲೇ ಏರಿನಲ್ಲಿ ಕೂತು ಅತ್ತರು, ಅಳುತ್ತ ಅಳುತ್ತ ನಕ್ಕರು. ಓಡಿ ಬಂದ ಫರಹೀನಳೂ ಅವರ ಅವತಾರ ನೋಡಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಜೀವ ಉಳಿದ ಮೇಲೆ ಬರುವ ನಗು, ಅದನ್ನು ಯಾರಿಂದಲೂ ತಡೆಯಲಾಗುವುದಿಲ್ಲ.

“ಹಗ್ಗ ಇರಲಿಲ್ಲಂದ್ರ ಆಕಿ ಗಾಲಿ ಹಿಂದ ಕುಂತಿರ್ತಿದ್ಲು” ಎಂದರು ರಾವಸಾಹೇಬರು. ಯಾರಿಗೂ ಹೇಳಿದ ಮಾತಲ್ಲ ಅದು, ತಮಗೆ ತಾವೇ ಹೇಳಿಕೊಂಡದ್ದು.

ತಿಪ್ಪೆಯಿಂದ ಗಾಡಿ ಎಳೆದು ಗ್ಯಾರೇಜಿಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ ಎಂದರು. ಫರಹೀನ ಚಾವಿ ಕಿತ್ತಿಟ್ಟುಕೊಂಡಳು. “ಬ್ರೇಕ ಹತ್ತದ ಗಾಡಿ ಒಂದ ಹೆಜ್ಜೀನೂ ಓಡಸೂದ ಬ್ಯಾಡ್ರಿ ಕಾಕಾ. ನಮ್ಮ ಮನಿಯವರನ್ನs ಇಲ್ಲಿಗೆ ಕರಸ್ತೇನಿ.” ರಿಯಾಜ ಸಾಮಾನಿನ ಚೀಲ ಹಾಕಿಕೊಂಡು ಮೋಟರ್‌ಸೈಕಲ್ಲಿನಲ್ಲಿ ಬಂದ. ಗಾಡಿಯ ಕೆಳಗೆ ಮಲಗಿ ನೋಡಿದ, ಬಾನೆಟ್ ಎತ್ತಿ ನೋಡಿದ.

“ಕಾಕಾ, ಬ್ರೇಕ್ ಆಯಿಲ್ ಡಬ್ಬಿ ತಳಾ ಕಂಡೈತಿ. ಕಡಿಮಿ ಆಗೂದ ನೋಡಿರಲಿಲ್ಲೇನ್ರಿ?”

“ನೋಡೇನಿ. ಕಡಿಮಿ ಆದಾಗೊಮ್ಮೆ ಹಾಕತಿದ್ನಿ. ಈ ಸಲ ಮರ್ತೇನಿ.”

“ಅದು ಡೀಸೆಲ್ ಅಲ್ರಿ, ಓಡಸಿದಂಗ ಖರ್ಚಾಗಾಕ. ಕಡಿಮಿ ಆತಂದ್ರ ಒಂದೋ ಎಲ್ಲೋ ಸೋರಾಕತ್ತೈತಿ, ಇಲ್ಲಾ ಗಾಲಿ ಹಿಡಿಯೂ ಬ್ರೇಕಿನ ಲೈನರ್ ಸವದಾವು. ನೀವು ತೂತ ಬಿದ್ದ ಕೊಡಕ್ಕ ನೀರ ತುಂಬಾಕತ್ತಿದ್ರಿ. ನಿಮ್ಮ ಗಾಡ್ಯಾಗ ಎರಡೂ ಆಗೇತಿ ನೋಡ್ರಿ, ಗಾಲಿ ಒಳಗೆಲ್ಲಾ ಆಯಿಲ್ ಹರದೈತಿ.”

ರಾವಸಾಹೇಬರು ಮೆಲ್ಲಗೆ ಕೇಳಿದರು: “ಮುಂದ ನಿಂಬಿಹಣ್ಣ ಕಟ್ಟಿದ್ನಲ್ಲೋ ರಿಯಾಜ?”

“ಕಟ್ರಿ ಕಾಕಾ, ಬ್ಯಾಡ ಅಂದವರ್ಯಾರು?” ಎಂದಳು ಫರಹೀನ. “ನಿಂಬಿಹಣ್ಣ ಮುಂದ ಇರಲಿ, ಬ್ರೇಕ್ ಆಯಿಲ್ ಡಬ್ಬ್ಯಾಗ ಇರಲಿ. ಎರಡಕ್ಕೂ ಜಗಳಿಲ್ಲ.”

ಗಾಡಿಯನ್ನು ಟ್ರ್ಯಾಕ್ಟರ್ ಕಟ್ಟಿ ಮೆಲ್ಲಗೆ ಗ್ಯಾರೇಜಿಗೆ ಒಯ್ದರು. ವಾಯರ್ ಹೊಸದಾಯಿತು, ಲೈನರ್ ಹೊಸವಾದವು, ಸೋರುವುದು ನಿಂತಿತು. ಬಿಡಿಸಿಕೊಂಡು ಬರಲು ರಾವಸಾಹೇಬರು ಹೋದಾಗ ಲಕ್ಕವ್ವನೂ ಜೊತೆಗೆ ಹೋದಳು, ಫರಹೀನಳೂ ಬಂದಳು. ಗ್ಯಾರೇಜಿನ ಮುಂದೆ ಸಣ್ಣದೊಂದು ಇಳಿಜಾರು ಇದೆ. ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿ ಫರಹೀನ ರಾವಸಾಹೇಬರನ್ನು ಸ್ಟೇರಿಂಗಿಗೆ ಕೂರಿಸಿ ಅಲ್ಲಿ ಗಾಡಿ ನಿಲ್ಲಿಸಹೇಳಿದಳು.

“ನೋಡ್ರಿ ಕಾಕಾ, ಮೊದಲ ಕಾಲಿನ ಬ್ರೇಕ ಒತ್ತಿ ಹಿಡೀರಿ. ಹ್ಯಾಂಡ್ ಬ್ರೇಕ ಎಳೀರಿ. ಈಗ ಮೆಲ್ಲಕ ಕಾಲ ತಗೀರಿ. ಗಾಡಿ ಮಿಸುಕಬಾರದು. ಮಿಸುಕಿತಂದ್ರ ವಾಯರ ಸಡ್ಲಾಗೇತಿ ಅಂತ ತಿಳೀರಿ, ಅವತ್ತs ಬಿಗಿ ಮಾಡಸ್ರಿ. ಆಮ್ಯಾಲ ಎಂಜಿನ್ ಬಂದ್ ಮಾಡಿ ಗೇರ್‌ದಾಗ ಬಿಡ್ರಿ. ಗಾಡಿ ಮುಖ ಏರಿಗಿದ್ರ ಫಸ್ಟ್ ಗೇರು, ಇಳಿಜಾರಕ್ಕಿದ್ರ ರಿವರ್ಸ್.”

“ಮತ್ತ ಕಲ್ಲ ಬ್ಯಾಡೇನ?” ಎಂದಳು ಲಕ್ಕವ್ವ.

“ಗಾಲಿಗೆ ಆಸರಾ ಬೇಕು ಕಾಕಿ, ಆದ್ರ ಕಲ್ಲ ಬ್ಯಾಡ, ಜಾರತೈತಿ, ಸಿಗಿಬೀಳತೈತಿ. ಇದನ್ನ ಇಟ್ಕೊಳ್ರಿ.” ಹಿಡಿಕೆಗೆ ಹಗ್ಗ ಕಟ್ಟಿದ ಕಟ್ಟಿಗೆಯ ಬೆಣೆಯೊಂದನ್ನು ಕೊಟ್ಟಳು. “ಇದು ಬ್ರೇಕಿಗೆ ಜೋಡಿ, ಬ್ರೇಕಿನ ಬದಲಿ ಅಲ್ಲ. ಹ್ಯಾಂಡ್ ಬ್ರೇಕ ಎಳದ ಮ್ಯಾಲ ಹಚ್ಚೂದು, ಹ್ಯಾಂಡ್ ಬ್ರೇಕ ಬಿಡೂಕಿಂತ ಮೊದಲ ತಗಿಯೂದು. ಅದೂ ಬಾಜೂಕ ನಿಂತ. ಗಾಡಿ ಹಿಂದ ಯಾರೂ ನಿಂದ್ರಬಾರದು. ಮೊದಲ ಸಪಾಟ ಜಾಗಾ ಸಿಕ್ಕರ ಏರಿನ್ಯಾಗ ನಿಂದ್ರಸೂದs ಬ್ಯಾಡ.”

“ಮತ್ತ ಭಾರ?” ಎಂದರು ರಾವಸಾಹೇಬರು ತಾವಾಗಿಯೇ.

“ಗಾಡಿ ಕಾಗದದಾಗ ಎಷ್ಟ ಬರದೈತಿ ಅಷ್ಟs ಹೇರ್ರಿ ಕಾಕಾ. ಬಾಕಿದ್ದ ಇನ್ನೊಂದ ಖೇಪಿಗೆ ಬರ್ತೈತಿ.”

ಮರುದಿನ ಅದೇ ಹೊಲ, ಅದೇ ಟೊಮ್ಯಾಟೊ. ರಾವಸಾಹೇಬರು ಗಾಡಿಯನ್ನು ಏರಿನ ಕೆಳಗೆ ಸಪಾಟು ನೆಲದಲ್ಲಿ ನಿಲ್ಲಿಸಿದರು. ಹ್ಯಾಂಡ್ ಬ್ರೇಕು ಕರ್ರೆಂದು ಮೇಲೆದ್ದಿತು. ಲಕ್ಕವ್ವ ರೂಢಿಯಂತೆ ಜಿಗಿಯಲು ಹೋದಳು.

“ಕುಂದ್ರ ನೀ” ಎಂದರು ರಾವಸಾಹೇಬರು. ತಾವೇ ಇಳಿದು ಬದಿಯಿಂದ ಬೆಣೆ ಹಚ್ಚಿದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರು ಒತ್ತಿ, ಬಗ್ಗಿ ನೆಲ ನೋಡಿದರು. ಲಕ್ಕವ್ವ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಕೂತಳು. ಎಷ್ಟು ಅರಾಮ ಅನಿಸಿತೆಂದರೆ ಸಂಜೆ ನನಗೆ ಅದನ್ನೇ ಎರಡು ಸಲ ಹೇಳಿದಳು.

ಕಲ್ಲು ಈಗ ಅವರ ಹಿತ್ತಲಲ್ಲಿದೆ. ಲಕ್ಕವ್ವ ಅದರ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾಳೆ. ಈ ಸಲದ ಖಂಡೆ ಪೂಜೆಗೆ ರಾವಸಾಹೇಬರು ಕುಂಕುಮ ಹಿಡಿದು ಹಿತ್ತಲಿಗೆ ಹೊರಟಾಗ ಅವಳೇ ತಡೆದಳು: “ಅದಕ್ಕ ಸಾಕ್ರಿ. ಗಾಡ್ಯಾಗಿನ ಆ ಹ್ಯಾಂಡ್ ಬ್ರೇಕಿನ ಹಿಡಿಕಿಗೆ ಹಚ್ರಿ.” ಹಚ್ಚಿದರು.

ಇನ್ನೊಂದು ಬದಲಾಗಿದೆ. ಹೊರಡುವಾಗ ರಾವಸಾಹೇಬರು ಈಗ “ಕಲ್ಲ ತಗೀ” ಎಂದು ಕೂಗುವುದಿಲ್ಲ. “ಲಕ್ಕೀ, ಎಲ್ಲಿ ಅದೀ?” ಎಂದು ಕೂಗುತ್ತಾರೆ. “ಇಲ್ಲೇ ಅದೀನ್ರಿ” ಎಂಬ ದನಿ ಬದಿಯಿಂದ ಕೇಳುವವರೆಗೂ ಗಾಡಿ ಮಿಸುಕುವುದಿಲ್ಲ. ಪಕ್ಕದ ಸೀಟಿನಲ್ಲೇ ಅವಳು ಕೂತಿದ್ದರೂ ಒಮ್ಮೊಮ್ಮೆ ಕೂಗಿಬಿಡುತ್ತಾರೆ. ಅವಳು ನಗುತ್ತಾಳೆ, ನಕ್ಕರೂ ಉತ್ತರ ಕೊಡುತ್ತಾಳೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿಯ ಕಡೆ ಪಿಕಪ್ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯಲ್ಲೂ ಒಂದು ಕಲ್ಲು ಇದ್ದರೆ ಇವತ್ತೇ ಇಳಿಸಿ, ಹ್ಯಾಂಡ್ ಬ್ರೇಕು ಸರಿ ಮಾಡಿಸಿ. ಬ್ರೇಕ್ ಆಯಿಲ್ ಕಡಿಮೆಯಾದರೆ ಸುಮ್ಮನೆ ಸುರಿಯಬೇಡಿ, ಯಾಕೆ ಕಡಿಮೆಯಾಯಿತೆಂದು ಮೆಕ್ಯಾನಿಕ್‌ಗೆ ತೋರಿಸಿ. ಗಾಡಿ ಚಾಲೂ ಮಾಡುವ ಮೊದಲು ಸುತ್ತ ಒಂದು ಸುತ್ತು ಹಾಕಿ. ಯಾರಾದರೂ ನಕ್ಕರೆ ನಗಲಿ. ಹೊರಡುವ ಮೊದಲು ನಿಮ್ಮವರ ಹೆಸರು ಹಿಡಿದು ಎಲ್ಲಿದ್ದೀರಿ ಎಂದು ಒಮ್ಮೆ ಕೂಗಿ, ಉತ್ತರ ಬಂದ ಮೇಲೆಯೇ ಗಾಡಿ ಬಿಡಿ.