ಹದಿನಾಲ್ಕನೇ ಪಾಠದ ಬೆಕ್ಕು

ಬಿ.ಎ.ಯ ಕೊನೆಯ ಪತ್ರಿಕೆ, ಸಮಾಜಶಾಸ್ತ್ರ. ಪರೀಕ್ಷೆ ಮನೆಯಲ್ಲೇ, ಆನ್‌ಲೈನ್‌ನಲ್ಲಿ. ಟಿ. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವ ಮೊದಲು ಸುಮಾ ಅತ್ತೆಗೆ ಬಿಡಿಸಿ ಹೇಳಿದ್ದಳು: "ಕ್ಯಾಮೆರಾದಲ್ಲಿ ಮೂರು ಗಂಟೆ ನನ್ನನ್ನೇ ನೋಡ್ತಾ ಇರ್ತಾರೆ ಅತ್ತೆ. ಒಳಗೆ ಯಾರೂ ಬರೋ ಹಾಗಿಲ್ಲ."

ಹೇಳಿದ್ದೇ ತಪ್ಪಾಯಿತು. ಯಾರೋ ಕಾಣದವರು ಮೂರು ಗಂಟೆ ಸೊಸೆಯ ಮುಖ ನೋಡುತ್ತಾರೆಂದರೆ ದೃಷ್ಟಿ ತಾಗದೆ ಇರುತ್ತದೆಯೇ? ಇನ್ನೆರಡು ಪ್ರಶ್ನೆ ಬಾಕಿ ಇದ್ದಾಗ ಅತ್ತೆ ದೊಡ್ಡಮುನಿಯಮ್ಮ ಮುಷ್ಟಿ ತುಂಬ ಉಪ್ಪು, ಒಣಮೆಣಸಿನಕಾಯಿ ಹಿಡಿದು ಸದ್ದಿಲ್ಲದೆ ಬಂದು, ಸುಮಾಳ ತಲೆಯ ಸುತ್ತ ಮೂರು ಸಲ ನಿವಾಳಿಸಿ, ಏನೋ ಗೊಣಗಿಕೊಂಡು ಒಲೆಯ ಕಡೆ ಹೋದರು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ, ಪರೀಕ್ಷೆ ನಿಲ್ಲಿಸಲಾಗಿದೆ.

"ಮೆಣಸಿನಕಾಯಿ ಸುಟ್ರೂ ಘಾಟೇ ಬರ್ಲಿಲ್ಲ ನೋಡು," ಅಡುಗೆಮನೆಯಿಂದ ಅತ್ತೆಯ ದನಿ. "ಎಷ್ಟು ದೃಷ್ಟಿ ಆಗಿತ್ತೋ."

ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿದು, ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆಯುವಾಗ ಮೊಬೈಲನ್ನು ಕಿಟಕಿಗೆ ಒರಗಿಸಿ ಪಾಠ ಕೇಳಿದ ಮೂರು ವರ್ಷ. ನಕಲು ಎಂದು ತೀರ್ಮಾನವಾದರೆ ಪದವಿ ಕೈತಪ್ಪಿದಂತೆ. ಅತ್ತೆಯನ್ನು ಬೈಯಲೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಮರುದಿನ ವಿಡಿಯೊ ಕಾಲ್‌ನಲ್ಲಿ ವಿಚಾರಣೆ. ಎದುರಿಗೆ, ಆ ವಿಡಿಯೊ ಪಾಠಗಳನ್ನು ಮಾಡಿದ ಪ್ರೊಫೆಸರ್ ಮುನಿರಾಜು ಅವರೇ. ಅವರ ಒಂದೊಂದು ಮಾತನ್ನೂ ನಿಲ್ಲಿಸಿ, ಹಿಂದಕ್ಕೆ ಓಡಿಸಿ ಕೇಳಿದ್ದವಳು ಅವಳು. ಅವರು ಅವಳ ಮುಖ ನೋಡುತ್ತಿದ್ದುದು ಮಾತ್ರ ಇದೇ ಮೊದಲು.

"ಇದು ಯಾರ ಕೈಯಮ್ಮ? ಏನ್ ಹೇಳ್ಕೊಡ್ತಿದ್ರು?" ಪರದೆಯಲ್ಲಿ ಅವರು ಹಾಕಿದ ಹಿಂದಿನ ದಿನದ ವಿಡಿಯೊದಲ್ಲಿ ಅವಳ ತಲೆಯ ಸುತ್ತ ಮುಷ್ಟಿಯೊಂದು ತಿರುಗುತ್ತಿತ್ತು.

ಸುಮಾ ಬಾಯಿ ತೆರೆಯುವ ಮೊದಲೇ ಅತ್ತೆ ನುಗ್ಗಿದರು. "ನನ್ ಕೈ ಸ್ವಾಮಿ. ಎಬ್ಬೆಟ್ಟು ಒತ್ತೋಳು ನಾನು, ಬಿ.ಎ. ಪಾಠ ಏನಂತ ಏಳ್ಕೊಡ್ಲಿ? ನೀವು ಇಂಗೆ ಕಣ್ಣು ಮಿಟುಕಿಸ್ದೆ ನೋಡ್ತಾ ಕೂತ್ರೆ ದೃಷ್ಟಿ ತೆಗೀಬೇಡ್ವಾ?"

ಮುನಿರಾಜು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಉಳಿದ ಎರಡು ಪ್ರಶ್ನೆ ಈಗಲೇ ಕೇಳ್ತೀನಿ, ಪುಸ್ತಕ ಇಲ್ದೆ ಹೇಳಿ. ಮನೆಯೊಳಗಿನ ಕೂಲಿಯಿಲ್ಲದ ದುಡಿಮೆ ಅಂದ್ರೇನು?"

ಸುಮಾ ಹೇಳಿದಳು. ಮೊದಲು ತಡವರಿಸುತ್ತ, ಪಾಠದಲ್ಲಿ ಇದ್ದಂತೆಯೇ. ಆಮೇಲೆ, ತಾನು ಕೆಲಸಕ್ಕೆ ಹೋದಾಗ ಇಬ್ಬರು ಮಕ್ಕಳನ್ನು ಸಾಕಿದ ಅತ್ತೆಯನ್ನೇ ಉದಾಹರಣೆ ಮಾಡಿಕೊಂಡಳು. ಅದನ್ನು ಯಾರೂ ಕೆಲಸ ಎಂದು ಕರೆಯುವುದಿಲ್ಲ ಎಂದಳು. ಎರಡನೆಯ ಪ್ರಶ್ನೆಗೆ ತಡವರಿಸದೆ ಉತ್ತರಿಸಿದಳು.

"ಇದೆಲ್ಲ ಎಲ್ಲಿ ಓದಿದ್ರಿ?"

"ಓದಿದ್ದಲ್ಲ ಸರ್, ಕೇಳಿದ್ದು. ನಿಮ್ಮ ಹದಿನಾಲ್ಕನೇ ಪಾಠ. ನಡುವೆ ಮೇಜಿನ ಮೇಲೆ ಬೆಕ್ಕು ಬರುತ್ತಲ್ಲ, ಅದನ್ನ ಇಳಿಸಿ ಮತ್ತೆ ಶುರು ಮಾಡ್ತೀರಿ."

ಈಗ ಅವರು ನಕ್ಕರು. "ಅಲ್ಲೀತನಕ ಯಾರೂ ನೋಡಲ್ಲ ಅಂದ್ಕೊಂಡಿದ್ದೆ. ನನ್ನ ಕೋಣೆಗೂ ಇನ್ನೊಬ್ಬರು ಬಂದಿದ್ರು ಅನ್ನಿ. ನಕಲು ಅಲ್ಲ ಅಂತ ಬರೀತೀನಿ. ಈ ಎರಡು ಉತ್ತರಕ್ಕೂ ಅಂಕ ಸೇರುತ್ತೆ."

ಕರೆ ಮುಗಿಯಿತು. ಸುಮಾ ಕೂತಲ್ಲೇ ಕೂತಿದ್ದಳು. ಅತ್ತೆ ಆಗಲೇ ಬಾಗಿಲಾಚೆ ನಿಂತು ಎದುರುಮನೆಯ ಮುನಿಯಲ್ಲಮ್ಮನಿಗೆ ಒಪ್ಪಿಸುತ್ತಿದ್ದರು: "ಪುಸ್ತಕ ಮುಟ್ಲಿಲ್ಲ ಕಣಮ್ಮಿ. ಮೇಷ್ಟ್ರ ಮುಖ ನೋಡ್ಕೊಂಡೇ ಏಳ್ಬಿಟ್ಳು. ಪಾಠದಾಗೆ ನನ್ನೂ ಸೇರಿಸ್ಕೊಂಡ್ಳು."

ಒಳಗೆ ಬಂದವರ ಮುಷ್ಟಿಯಲ್ಲಿ ಮತ್ತೆ ಮೆಣಸಿನಕಾಯಿ. ಲ್ಯಾಪ್‌ಟಾಪ್ ಕಡೆ ಬೊಟ್ಟು ಮಾಡಿ ಪಿಸುದನಿಯಲ್ಲಿ ಕೇಳಿದರು, "ಅದು ಕಣ್ಣು ಮುಚ್ಚೈತಾ?"

ಸುಮಾ ಅದನ್ನು ಮಡಚಿಟ್ಟು ನೆಟ್ಟಗೆ ಕೂತಳು. "ಮುಚ್ಚಿದೆ ಅತ್ತೆ. ದೃಷ್ಟಿ ತೆಗೀರಿ."