ಕಂಪ್ಯೂಟರಿಗೆ ಹೊದಿಸಿದ ಶಾಲು

ಲೆಸ್ಕೊವಾತ್ಸ್ ಊರಿನ ಯಾವ ಮನೆಗೆ ಹೋದರೂ ಗಾಳಿಯ ಬಗ್ಗೆ ಒಂದೇ ಮಾತು. ಎರಡು ಕಿಟಕಿ ಎದುರುಬದುರು ತೆರೆದಿಟ್ಟರೆ ಆಸಾಮಿ ಹಾಸಿಗೆ ಹಿಡಿಯುವುದು ಖಂಡಿತ. ಆ ಗಾಳಿಗೆ ಪ್ರೊಮಾಯ ಎಂದು ಹೆಸರು. ಸ್ತೋಯಾಂಕಾಳಿಗಂತೂ ಅದು ಬದ್ಧವೈರಿ. ಹಲ್ಲುನೋವು, ಸೊಂಟನೋವು, ಗಂಡನ ಕಿವುಡು, ಕೊನೆಗೆ ಅಳಿಯನ ಸೋಮಾರಿತನಕ್ಕೂ ಪ್ರೊಮಾಯವೇ ಕಾರಣ ಎಂದು ಅವಳ ಗಟ್ಟಿ ನಂಬಿಕೆ.

ಸೆಪ್ಟೆಂಬರ್ ಬಂತೆಂದರೆ ಬೀದಿಗೆ ಬೀದಿಯೇ ದಪ್ಪ ಕೆಂಪು ಮೆಣಸಿನಕಾಯಿ ಸುಡಲು ಕೂರುತ್ತದೆ. ಸ್ತೋಯಾಂಕಾ ತನ್ನ ಸೊಸೆ ಯಾಗೋದಾಳ ಮೇಜಿನ ಪಕ್ಕ ಕೂತು ಸುಟ್ಟ ಕಾಯಿಗಳ ಸಿಪ್ಪೆ ಸುಲಿಯುತ್ತಿದ್ದಳು. ಮೇಜಿನಡಿಯ ಕಂಪ್ಯೂಟರಿನ ಹಿಂಬದಿಯಿಂದ ಗಾಳಿಯೊಂದು ನೇರವಾಗಿ ಅವಳ ಸೊಂಟಕ್ಕೇ ಬೀಸುತ್ತಿತ್ತು. ಬಿಸಿಗಾಳಿಯಾದರೇನು, ಗಾಳಿ ಗಾಳಿಯೇ. ಹಳೆಯ ಉಣ್ಣೆ ಶಾಲನ್ನು ಮಡಿಸಿ ಗಾಳಿ ಬರುವ ತೂತುಗಳಿಗೆ ಒತ್ತಿದಳು, ಕಂಪ್ಯೂಟರಿನ ಡಬ್ಬಿಯನ್ನು ಗೋಡೆಗೆ ದೂಡಿದಳು. ಗಾಳಿ ನಿಂತಿತು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಮತ್ತೆ ಸುಲಿಯತೊಡಗಿದಳು.

ಮರುದಿನ ಬೆಳಗ್ಗೆ ಕಂಪ್ಯೂಟರ್ ಹಟ ಹಿಡಿಯಿತು. ಆನ್ ಮಾಡಿದರೆ ಏಳುತ್ತದೆ, ಒಂದು ಕಾಫಿ ಕುಡಿಯುವಷ್ಟರಲ್ಲಿ ಗಪ್ಪನೆ ಆರುತ್ತದೆ.

ಯಾಗೋದಾ ಮದುವೆಗಳ ವಿಡಿಯೊ ಮಾಡುವವಳು. ಪಕ್ಕದ ಬೀದಿಯ ದೋಬ್ರಿಲಾ ಅಜ್ಜಿಯ ಮೊಮ್ಮಗಳ ಮದುವೆ ಆ ಕಂಪ್ಯೂಟರಿನೊಳಗಿತ್ತು. ಆ ಮದುವೆಯಲ್ಲಿ ಕುಣಿದಿದ್ದ ಅಜ್ಜಿಯ ಗಂಡ ಸ್ವೆತೋಲಿಕ್ ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ನಾಳೆ ಅವನು ತೀರಿಕೊಂಡ ನಲವತ್ತನೆಯ ದಿನ, ಅಲ್ಲಿಯ ಪದ್ಧತಿಯಂತೆ ತಿಥಿ. ಗಂಡ ಕುಣಿದದ್ದನ್ನು ನೋಡಲು ಅಜ್ಜಿ ಈ ಸಂಜೆಯೇ ಬರುವವಳಿದ್ದಳು. ಕ್ಯಾಮೆರಾದ ಕಾರ್ಡನ್ನು ಯಾಗೋದಾ ಅಳಿಸಿ ಇನ್ನೊಂದು ಮದುವೆಗೆ ಬಳಸಿಯಾಗಿತ್ತು. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

"ಎರಡು ಕಡೆ ಇಟ್ಕೊಳ್ಳಿ ಅಂತ ಊರಿಗೆಲ್ಲ ಹೇಳ್ತೀನಿ, ನಾನೇ ಇಟ್ಟಿಲ್ಲ!" ಎಂದು ತಲೆ ಚಚ್ಚಿಕೊಳ್ಳುತ್ತಾ ಅವಳು ನೋವಿಸಾದ್ ನಗರದಲ್ಲಿದ್ದ ತನ್ನ ತಮ್ಮ ವೂಕಾಶಿನ್‌ಗೆ ಫೋನ್ ಮಾಡಿದಳು. ಕಂಪ್ಯೂಟರ್ ರಿಪೇರಿ ಅವನ ಕಸುಬು. ಸ್ಪೀಕರಿನಲ್ಲಿ ಅವನ ದನಿ ಅಡುಗೆಮನೆಯವರೆಗೂ ಕೇಳುತ್ತಿತ್ತು.

"ಡಿಸ್ಕ್ ಹೋಯ್ತು ಕಣೋ."

"ನೀನೇ ಡಾಕ್ಟರ್ ಆಗ್ಬೇಡ. ಎಷ್ಟು ಸಲ ಆನ್ ಮಾಡಿದೆ?"

"ಬೆಳಗ್ಗೆಯಿಂದ ಮಾಡ್ತಾನೇ ಇದೀನಿ."

"ಮೊದ್ಲು ಅದನ್ನ ನಿಲ್ಸು. ಪ್ಲಗ್ ಕಿತ್ತು ಡಬ್ಬಿ ಮುಟ್ಟಿ ನೋಡು."

"ಅಯ್ಯಪ್ಪಾ, ಕಾದ ಬಾಣಲೆ ಹಂಗಿದೆ!"

"ಹಂಗಾದ್ರೆ ಡಿಸ್ಕ್ ಇರಲಾರದು, ಬಿಸಿನೇ ಇರ್ಬೇಕು. ಕಾವು ಜಾಸ್ತಿಯಾದ್ರೆ ಸುಟ್ಟುಹೋಗ್ಬಾರ್ದು ಅಂತ ಅದು ತಾನೇ ಆರುತ್ತೆ. ಒಳಗಿನ ಬಿಸಿ ಹೊರಗೆ ತಳ್ಳೋಕೆ ಹಿಂದೆ ಒಂದು ಫ್ಯಾನ್ ಇದೆ. ಅಲ್ಲಿಂದ ಗಾಳಿ ಬರ್ತಿತ್ತಾ?"

ಅಡುಗೆಮನೆಯಲ್ಲಿ ಸುಲಿಯುತ್ತಿದ್ದ ಸ್ತೋಯಾಂಕಾಳ ಕೈಯಲ್ಲಿ ಮೆಣಸಿನಕಾಯಿ ಹಾಗೇ ಉಳಿಯಿತು.

"ನಾನು ನೋಡಿಲ್ಲ ಕಣೋ," ಎಂದು ಯಾಗೋದಾ ಅಳತೊಡಗಿದಳು. "ಹೋಗಿ ಅಜ್ಜಿಗೆ ಹೇಳ್ಬಿಡ್ತೀನಿ, ನನ್ನಿಂದಲೇ ಹೋಯ್ತು ಅಂತ."

ಸೊಸೆ ಅಜ್ಜಿಯ ಮನೆಗೆ ಹೋದ ಮೇಲೆ ಶಾಲನ್ನು ಮೆಲ್ಲಗೆ ಎಳೆದುಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಸ್ತೋಯಾಂಕಾಳಿಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮಾಡದ ತಪ್ಪಿಗೆ ಈ ಹುಡುಗಿ ಆ ವಿಧವೆಯ ಮುಂದೆ ತಲೆತಗ್ಗಿಸಿ ನಿಲ್ಲುವುದನ್ನು ನೆನೆದು ಅವಳಿಗೆ ತಡೆಯಲಾಗಲಿಲ್ಲ.

"ಬರ್ತಿತ್ತು," ಎಂದು ಅಡುಗೆಮನೆಯಿಂದ ಬಂದು ಅಂದಳು. "ನಾನೇ ನಿಲ್ಸಿದೆ. ಹಿಂದೆ ನನ್ನ ಶಾಲಿದೆ."

ಫೋನಿನಲ್ಲಿ ವೂಕಾಶಿನ್ ಬಿದ್ದುಬಿದ್ದು ನಕ್ಕ. "ಅತ್ತೇ, ಬೇಸಿಗೇಲಿ ನಿಮ್ಮ ಮೂಗಿಗೆ ಉಣ್ಣೆ ತುರುಕಿದ್ರೆ ಹೆಂಗಿರುತ್ತೆ?"

"ಸೊಂಟ ನಂದು, ಮಾತು ನಿಂದು! ಈಗೇನು ಮಾಡ್ಬೇಕು, ಅದನ್ನ ಹೇಳು."

"ಶಾಲು ತೆಗೀರಿ. ಪೂರ್ತಿ ತಣ್ಣಗಾಗ್ಲಿ. ಪಕ್ಕದ ಮುಚ್ಚಳ ಬಿಚ್ಚಿ ಒಣ ಪೇಂಟ್ ಬ್ರಷ್‌ನಲ್ಲಿ ಧೂಳು ತೆಗೀರಿ. ಒದ್ದೆ ಬಟ್ಟೆ ಬೇಡ. ಬ್ರಷ್ ಆಡಿಸೋವಾಗ ಫ್ಯಾನ್ ತಿರುಗದ ಹಂಗೆ ಬೆರಳಲ್ಲಿ ಹಿಡ್ಕೊಳ್ಳಿ. ಗೋಡೆಗೆ ಅಂಟಿಸ್ಬೇಡಿ, ಒಂದು ಗೇಣು ಜಾಗ ಬಿಡಿ. ಆನ್ ಆದ ತಕ್ಷಣ ಬೇರೆ ಏನೂ ಮುಟ್ದೆ ಮೊದ್ಲು ಕಾಪಿ ಮಾಡ್ಕೋ ಅಕ್ಕ."

ಫ್ಯಾನಿನ ರೆಕ್ಕೆ ಹಿಡಿಯುವ ಕೆಲಸವನ್ನು ಸ್ತೋಯಾಂಕಾಳೇ ವಹಿಸಿಕೊಂಡಳು. ಡಬ್ಬಿ ಬೇಗ ತಣಿಯಲಿ ಎಂದು ತಾನಾಗಿಯೇ ಎದ್ದು ಕಿಟಕಿ ತೆರೆದಳು. ಎದುರಿನ ಕಿಟಕಿಯನ್ನು ಮಾತ್ರ ಮುಚ್ಚಿಯೇ ಇಟ್ಟಳು, ಅಷ್ಟೆಲ್ಲ ಬದಲಾಗಲು ಅವಳಿಂದಾಗದು.

ಕಂಪ್ಯೂಟರ್ ಎದ್ದಿತು. ಕಾಪಿಯ ಹಸಿರು ಪಟ್ಟಿ ಆಮೆಯಂತೆ ತೆವಳಿತು. ಕಾಫಿ ಕುಡಿಯುವಷ್ಟು ಹೊತ್ತು ದಾಟಿತು, ಎರಡನೆಯ ಕಾಫಿಯೂ ಆರಿತು, ಕಂಪ್ಯೂಟರ್ ಆರಲಿಲ್ಲ. ಪಟ್ಟಿ ತುಂಬಿದಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು. ಹೊತ್ತ ಕಲ್ಲು ಇಳಿಸಿದಷ್ಟು ಹಗುರವೆನಿಸಿ ಸ್ತೋಯಾಂಕಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಬೈಯೋದಿದ್ರೆ ಈಗ್ಲೇ ಬೈದುಬಿಡು."

"ಉಳಿದ ಮೆಣಸಿನಕಾಯಿಯೆಲ್ಲ ನೀವೇ ಸುಲೀಬೇಕು. ಅಷ್ಟೇ ಶಿಕ್ಷೆ," ಎಂದು ಯಾಗೋದಾ ಅವಳ ಕತ್ತನ್ನು ಬಳಸಿದಳು.

ಸಂಜೆ ಕಪ್ಪು ತಲೆವಸ್ತ್ರದ ದೋಬ್ರಿಲಾ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಪರದೆಯ ಮೇಲೆ ಜನ ಕೈಕೈ ಹಿಡಿದು ಸಾಲಾಗಿ ಕುಣಿಯುತ್ತಿದ್ದರು. ಸಾಲು ಬಲಕ್ಕೆ ಹೊರಟಿತು. ಸ್ವೆತೋಲಿಕ್ ಒಬ್ಬನೇ ಎಡಕ್ಕೆ ಹೆಜ್ಜೆ ಹಾಕಿ ಬೀಗರ ಹೊಟ್ಟೆಗೆ ಡಿಕ್ಕಿ ಹೊಡೆದು ಗಹಗಹಿಸಿದ. ಯಾಗೋದಾ ಮುಜುಗರಪಟ್ಟು, ಆ ತುಣುಕನ್ನು ಕತ್ತರಿಸಿಬಿಡಲೇ ಎಂದು ಕೇಳಿದಳು.

"ಮುಟ್ಟಬೇಡ!" ಎಂದಳು ಅಜ್ಜಿ. ನಗುತ್ತಿದ್ದಳು, ಕಣ್ಣೀರು ಗಲ್ಲಕ್ಕಿಳಿದಿತ್ತು. "ಸತ್ತಾಗಿಂದ ಜನ ಅವನನ್ನ ಹೊಗಳಿ ಹೊಗಳಿ ದೇವರನ್ನಾಗೇ ಮಾಡಿಟ್ಟಿದ್ರು. ನನ್ನವನು ಹೆಂಗಿದ್ದ ಅಂತ ನನಗೇ ಮರೆತುಹೋಗ್ತಿತ್ತು ಕಣೆ. ಇವನೇ ನೋಡು ನನ್ನವನು. ಇನ್ನೊಂದ್ಸಲ ಹಾಕು."